ಬಾಣದ ಮೇಜಿನ ಮುಂದೆ ಹತ್ತೊಂಬತ್ತು ವರ್ಷ

ಪ್ಲಿಮತ್ ಊರಿನ ಅಂಚಿನಲ್ಲಿದ್ದ ಆ ಅಂಗಡಿಯಲ್ಲಿ ನಾನು ಬಿಲ್ಲು ಮಾರಿದವನಲ್ಲ. ಬಿಲ್ಲನ್ನು ಮುಂದಿನ ಕೌಂಟರಿನಲ್ಲಿ ಬೇರೆಯವರು ಮಾರುತ್ತಿದ್ದರು. ಕೊಂಡವರು ಅದನ್ನು ಹಿಡಿದುಕೊಂಡು ಒಳಗಿನ ಉದ್ದ ಮೇಜಿಗೆ ಬರುತ್ತಿದ್ದರು. ಅವರ ಕೈಗೆ, ಅವರ ಬಿಲ್ಲಿಗೆ, ಅವರು ಹೊಡೆಯಹೊರಟ ಪ್ರಾಣಿಗೆ ಯಾವ ಬಾಣ, ಬಾಣದ ತುದಿಗೆ ಯಾವ ಅಲಗು ಎಂದು ಆರಿಸಿ ಕಟ್ಟಿಕೊಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷ ಮಾಡಿದೆ, ಹೋದ ವರ್ಷ ಬಿಟ್ಟೆ. ಈಗ ಆ ಮೇಜಿಗೆ ಹೊಸಬರು ಬಂದಿದ್ದಾರೆ. ಇಂಥ ಬೇರೆ ಅಂಗಡಿಗಳಿಗೆ ನಮ್ಮವರ ಮಕ್ಕಳೂ ಒಬ್ಬಿಬ್ಬರು ಸೇರಿದ್ದಾರೆಂದು ಕೇಳಿದ್ದೇನೆ. ಬಾಣದ ಕಡ್ಡಿಯ ಅಳತೆ, ಅಲಗಿನ ತೂಕ ಎಲ್ಲ ಅವರಿಗೆ ಫೋನಿನಲ್ಲೇ ಸಿಗುತ್ತದೆ. ಅಲ್ಲಿ ಸಿಗದಿರುವುದನ್ನು ಇಲ್ಲಿ ಬರೆಯುತ್ತೇನೆ.

ನಾನು ಬಾಗಲಕೋಟೆ ಕಡೆಯವನು, ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಈ ದೇಶಕ್ಕೆ ಬಂದ ಮೇಲೆ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯ ಅಳತೆಯ ಕೋಣೆಯಲ್ಲಿ ಹದಿನೈದು ವರ್ಷ ಇದ್ದೆ. ಕಾರ್ಖಾನೆಗಳು ಜನರನ್ನು ಮನೆಗೆ ಕಳಿಸುತ್ತಿದ್ದ ಕಾಲದಲ್ಲಿ ನನ್ನನ್ನೂ ಕಳಿಸಿದರು. ಆಗ ನನಗೆ ನಲವತ್ತೇಳು. ದಿನವೂ ನಾವಿದ್ದ ಕ್ಯಾಂಟನ್‌ನ ಗ್ರಂಥಾಲಯಕ್ಕೆ ಹೋಗಿ ಅರ್ಜಿ ಬರೆಯುತ್ತಿದ್ದೆ. ಅಲ್ಲಿಯ ಹಲಗೆಯ ಮೇಲೆ ಕೈಬರಹದ ಒಂದು ಚೀಟಿ ಇತ್ತು: ‘ನಿಖರವಾಗಿ ಅಳೆಯಲು ಬರುವವರು ಬೇಕು.’ ಕೆಳಗೆ ವಿಳಾಸ. ಏನು ಅಳೆಯಬೇಕೆಂದು ಬರೆದಿರಲಿಲ್ಲ.

ಹೋಗಿ ನೋಡಿದರೆ ಬಿಲ್ಲಿನ ಅಂಗಡಿ. ಮಾಲೀಕರು ವಾಲ್ಟರ್, ಅರವತ್ತರ ಆಸುಪಾಸಿನ ಎತ್ತರದ ಮನುಷ್ಯ. ಹನ್ನೆರಡು ಮರದ ಕಡ್ಡಿಗಳನ್ನು ನನ್ನ ಮುಂದೆ ಹಾಕಿ, “ಇದರಲ್ಲಿ ಒಂದೇ ಥರದವು ಯಾವುವು, ಹೇಳು,” ಎಂದರು. ನೋಡಲು ಹನ್ನೆರಡೂ ಒಂದೇ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ತೋರಿಸುವ ಡಯಲ್ ಗೇಜ್ ಕೇಳಿದೆ. ಕಡ್ಡಿಯ ಎರಡೂ ತುದಿಗೆ ಆಸರೆ ಕೊಟ್ಟು, ನಡುವೆ ಎರಡು ಪೌಂಡಿನ ಗುಂಡು ತೂಗುಹಾಕಿ, ಪ್ರತಿಯೊಂದೂ ಎಷ್ಟು ಬಾಗುತ್ತದೆಂದು ಅಳೆದು ಮೂರು ಗುಂಪು ಮಾಡಿಟ್ಟೆ. ಅವರು ಗುಂಪುಗಳನ್ನು ನೋಡಿದರು, ನನ್ನನ್ನು ನೋಡಿದರು. ಬಸವರಾಜ ಎಂಬ ಹೆಸರು ಅವರ ಬಾಯಿಗೆ ಬರಲಿಲ್ಲ. “ರಾಜ್, ನಾಳೆ ಎಂಟಕ್ಕೆ ಬಾ,” ಎಂದರು.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಏನ್ರೀ ಇದು? ತತ್ತಿ ಸೈತ ತರದ ಮನ್ಯಾಗಿದ್ದು ಜಿಂಕಿ ಕೊಲ್ಲೂ ಬಾಣಾ ಮಾಡಾಕ ಹೊಂಟೀರಿ?”

“ಮೂರ್ ತಿಂಗಳ ಅಷ್ಟ. ಬ್ಯಾರೆ ಕೆಲಸ ಸಿಕ್ಕ ಕೂಡ್ಲೆ ಬಿಡ್ತೀನಿ.”

“ಮಂದಿ ಕೇಳಿದ್ರ ಏನಂತ ಹೇಳ್ಲಿ?”

ಮಂದಿಗೆ ನಾವು ಸ್ಪೋರ್ಟ್ಸ್ ಸಾಮಾನಿನ ಅಂಗಡಿ ಎಂದೆವು. ಕನ್ನಡ ಕೂಟದಲ್ಲಿ ಬಹಳ ವರ್ಷ ಹಾಗೆಯೇ ನಡೆಯಿತು. ಬೇರೆ ಕೆಲಸ ಎರಡು ವರ್ಷದ ಮೇಲೆ ಸಿಕ್ಕಿತು, ನಾನು ಹೋಗಲಿಲ್ಲ. ಯಾಕೆ ಎಂದು ಶಾಂತಾ ಕೇಳಿದಳು. ಅಳತೆಯ ಕೋಣೆಯಲ್ಲಿ ನಾನು ಅಳೆದ ಭಾಗ ಯಾವ ಕಾರಿಗೆ ಹೋಯಿತು, ಏನಾಯಿತು ಎಂದು ಎಂದೂ ಗೊತ್ತಾದದ್ದಿಲ್ಲ. ಇಲ್ಲಿ ಬಾಣ ಒಯ್ದವರು ತಿರುಗಿ ಬಂದು ಏನಾಯಿತೆಂದು ಹೇಳುತ್ತಿದ್ದರು.

ವಾಲ್ಟರ್ ಕಲಿಸುವ ರೀತಿ ಬೇರೆ. ಮಾತು ಕಡಿಮೆ. ಹೆದೆಯಿಂದ ಬಿಟ್ಟ ಬಾಣ ನೇರ ಹೋಗುತ್ತದೆಂದು ನಾನು ತಿಳಿದಿದ್ದೆ. ಅದು ಬಿಲ್ಲಿನ ಹಿಡಿಯನ್ನು ಬಳಸಿಕೊಂಡು, ನೀರಿನಲ್ಲಿ ಮೀನು ಹೊರಳಿದ ಹಾಗೆ ಬಳುಕಿ ಹೋಗುತ್ತದೆ. ಬಿಲ್ಲಿನ ಬಲಕ್ಕೆ ಕಡ್ಡಿ ತೀರ ಗಟ್ಟಿಯಾದರೂ ಕೆಟ್ಟಿತು, ತೀರ ಮೆತ್ತಗಾದರೂ ಕೆಟ್ಟಿತು. ಅಲಗಿನ ತೂಕ ಹೆಚ್ಚಿದರೆ ಅದೇ ಕಡ್ಡಿ ಮೆತ್ತಗಿನದರಂತೆ ನಡೆದುಕೊಳ್ಳುತ್ತದೆ. ಇದನ್ನು ಅವರು ಬಾಯಲ್ಲಿ ಹೇಳಲಿಲ್ಲ. ಗರಿಯಿಲ್ಲದ ಕಡ್ಡಿಗಳನ್ನು ಕೊಟ್ಟು ಹಿಂದಿನ ಅಂಗಳದಲ್ಲಿ ಒಂದು ವಾರ ಹೊಡೆಸಿದರು. ಗುರಿಯಲ್ಲಿ ನಾಟಿದ ಕಡ್ಡಿಯ ಹಿಂಭಾಗ ಎಡಕ್ಕೆ ವಾಲಿದೆಯೋ ಬಲಕ್ಕೆ ವಾಲಿದೆಯೋ ನೋಡಿ ನಾನೇ ಕಂಡುಕೊಳ್ಳಬೇಕಾಯಿತು.

ಅಲಗಿನ ವಿಷಯದಲ್ಲಿ ಮಾತ್ರ ಅವರು ಮಾತಾಡಿದರು. ನಾನು ಮಸೆದ ಮೊದಲ ಅಲಗನ್ನು ಒಂದು ರಬ್ಬರ್ ಬ್ಯಾಂಡ್ ಮೇಲೆ ಒತ್ತಿದರು. ರಬ್ಬರ್ ಒಳಕ್ಕೆ ಬಾಗಿತು, ತುಂಡಾಗಲಿಲ್ಲ. ತಾವು ಮಸೆದ ಅಲಗನ್ನು ಸುಮ್ಮನೆ ತಾಗಿಸಿದರು, ರಬ್ಬರ್ ಪಟ್ಟನೆ ಎರಡಾಯಿತು.

“ಒಳಗಿನ ನರ, ರಕ್ತನಾಳ ಈ ರಬ್ಬರಿನ ಹಾಗೇ ಇರುತ್ತೆ, ರಾಜ್. ಮೊಂಡ ಅಲಗು ಬಂದರೆ ಪಕ್ಕಕ್ಕೆ ಸರಿಯುತ್ತೆ. ಜಿಂಕೆ ಸಾಯಲ್ಲ, ಮೂರು ದಿನ ನರಳುತ್ತೆ. ಈ ಮೇಜಿನಿಂದ ಮೊಂಡ ಅಲಗು ಹೊರಗೆ ಹೋಗಬಾರದು.”

ನಾನು ಮಾಂಸ ತಿನ್ನುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಒಮ್ಮೆಯೂ ಅದರ ಬಗ್ಗೆ ಕೇಳಲಿಲ್ಲ. ಮಧ್ಯಾಹ್ನ ನನ್ನ ಡಬ್ಬಿಯ ರೊಟ್ಟಿ ಚಟ್ನಿಪುಡಿಯನ್ನು ಮುರಿದು ತಿನ್ನುತ್ತಿದ್ದರು.

ಇನ್ನು ನನ್ನ ತಪ್ಪಿನ ಕಥೆ. ಅದನ್ನು ಬಿಟ್ಟು ಬರೆದರೆ ಉಳಿದದ್ದಕ್ಕೆ ಬೆಲೆ ಇರುವುದಿಲ್ಲ.

ನಾಲ್ಕನೆಯ ವರ್ಷ ಡಾರ್ಲೀನ್ ಎಂಬ ಹೆಂಗಸು ಬಂದಳು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ತೀರಿಹೋದ ಗಂಡನ ಜೊತೆ ಹಿಂದೆ ಬೇಟೆಗೆ ಹೋಗುತ್ತಿದ್ದಳಂತೆ. ಈಗ ಒಬ್ಬಳೇ, ಅವನು ಕೊಡಿಸಿದ್ದ ಬಿಲ್ಲು ಹಿಡಿದು ಹೊರಟಿದ್ದಳು. ಬಿಲ್ಲಿನ ಮೇಲೆ, ಹೆದೆ ಎಳೆಯಲು ಬೇಕಾದ ಬಲ ನಲವತ್ತೆರಡು ಪೌಂಡು ಎಂದು ಬರೆದಿತ್ತು. ಬಿಲ್ಲಿನ ಬೇಟೆ ಶುರುವಾಗುವ ಅಕ್ಟೋಬರ್ ಹತ್ತಿರವಾಗಿತ್ತು, ಅಂಗಡಿ ತುಂಬ ಜನ. ನಾನು ಆ ಬರಹ ಓದಿ, ಅದಕ್ಕೆ ತಕ್ಕ ಹಗುರ ಕಡ್ಡಿಗೆ ಅಗಲವಾದ ಮೂರು ಅಲಗಿನ ತಲೆ ಕಟ್ಟಿಕೊಟ್ಟೆ. ಅವಳೇ ಅದನ್ನು ಬಯಸಿದ್ದಳು, ಗಾಯ ದೊಡ್ಡದಾಗುತ್ತದೆ ಎಂದು ಯಾರೋ ಹೇಳಿದ್ದರಂತೆ.

ಬಿಲ್ಲಿನ ಮೇಲಿನ ಬರಹ ಹೆದೆಯನ್ನು ಇಪ್ಪತ್ತೆಂಟು ಅಂಗುಲ ಎಳೆದಾಗಿನದು. ಡಾರ್ಲೀನ್ ಗಿಡ್ಡ ಹೆಂಗಸು. ಅವಳು ಎಳೆಯುತ್ತಿದ್ದದ್ದು ಇಪ್ಪತ್ತೈದೂವರೆ ಅಂಗುಲ. ಅಷ್ಟಕ್ಕೆ ಆ ಬಿಲ್ಲಿನಲ್ಲಿ ಮೂವತ್ತೈದು ಪೌಂಡಿನ ಬಲವೂ ಇರುತ್ತಿರಲಿಲ್ಲ. ಬಾಣ ಆಳಕ್ಕೆ ಇಳಿಯಲು ಅಂಥ ಬಿಲ್ಲಿಗೆ ಭಾರದ ಕಡ್ಡಿ ಬೇಕು, ಸಪೂರವಾದ ಎರಡೇ ಅಲಗು ಬೇಕು, ಹತ್ತಿರದಿಂದ ಹೊಡೆಯಬೇಕು. ಅಳೆಯುವುದನ್ನೇ ಕಸುಬು ಮಾಡಿಕೊಂಡಿದ್ದ ನಾನು ಅಂದು ಅವಳ ಕೈಯನ್ನು ಅಳೆಯಲಿಲ್ಲ.

ಎರಡು ವಾರದ ಮೇಲೆ ಅವಳು ಬಂದು ಬಿಲ್ಲನ್ನೂ ಐದು ಬಾಣವನ್ನೂ ಮೇಜಿನ ಮೇಲೆ ಇಟ್ಟಳು. ಆರನೆಯದು ಅರ್ಧ ಮುರಿದಿತ್ತು.

“ಭುಜಕ್ಕೆ ತಾಗಿತು. ನಾಲ್ಕು ಅಂಗುಲ ಕೂಡ ಒಳಗೆ ಹೋಗಲಿಲ್ಲ,” ಎಂದಳು. “ಎರಡು ದಿನ ಹುಡುಕಿದೆ. ಒಂದು ಕಡೆ ಮಲಗಿ ಎದ್ದುಹೋದ ಗುರುತಿತ್ತು. ಆಮೇಲೆ ರಕ್ತವೂ ಕಾಣಲಿಲ್ಲ. ನಾನು ಕೈ ನಡುಗಿಸಿದೆನಾ? ಏನು ತಪ್ಪು ಮಾಡಿದೆ?”

ನಾನು ಮುರಿದ ಬಾಣ ಎತ್ತಿಕೊಂಡೆ. ವಾಲ್ಟರ್ ಬಂದು, ಬಿಲ್ಲನ್ನು ಅವಳ ಕೈಗೆ ಕೊಟ್ಟು ಎಳೆಸಿ ನೋಡಿದರು. ನೋಡಿದ ಕೂಡಲೇ ಅವರಿಗೆ ತಿಳಿಯಿತು. ನನ್ನ ಕಡೆ ತಿರುಗಿದರು. ನಾನೇ ಹೇಳಲಿ ಎಂದು ಕಾಯುತ್ತಿದ್ದಾರೆಂದು ಅರ್ಥವಾಯಿತು.

“ತಪ್ಪು ನಿಮ್ಮದಲ್ಲ,” ಎಂದೆ. “ಬಾಣ ಆರಿಸಿದವನು ನಾನು. ನಿಮ್ಮ ಬಿಲ್ಲಿಗೆ ಅದು ಹೊಂದುತ್ತಿರಲಿಲ್ಲ.”

ಅವಳು ಬೈದಿದ್ದರೆ ಹಗುರಾಗುತ್ತಿತ್ತು. “ಓ,” ಎಂದಳು, ಅಷ್ಟೆ. ಆಮೇಲೆ, “ಅದು ಎಲ್ಲೋ ಬದುಕಿದೆಯೇನೋ ಪಾಪ,” ಎಂದಳು.

ಅಂದು ಮಧ್ಯಾಹ್ನ ವಾಲ್ಟರ್ ಅಂಗಡಿ ಮುಚ್ಚಿ, ನಮ್ಮಿಬ್ಬರನ್ನೂ ಟ್ರಕ್ಕಿನಲ್ಲಿ ಕೂರಿಸಿಕೊಂಡು ಆ ಕಾಡಿಗೆ ಹೋದರು. ಕತ್ತಲಾಗುವವರೆಗೆ ಜವುಗಿನಲ್ಲಿ ಹುಡುಕಿದೆವು. ಒಣ ಎಲೆಯ ಮೇಲಿನ ಒಂದೊಂದು ಕಪ್ಪು ಚುಕ್ಕೆಯನ್ನೂ ನಾನು ಮಂಡಿಯೂರಿ ಮುಟ್ಟಿ ನೋಡಿದೆ. ಹೆಚ್ಚಿನವು ಎಲೆಯದೇ ಕಲೆಗಳು. ಜಿಂಕೆ ಸಿಗಲಿಲ್ಲ. ಡಾರ್ಲೀನ್ ಆ ಬಿಲ್ಲನ್ನು ಮತ್ತೆ ಎತ್ತಲಿಲ್ಲವೆಂದು ಆಮೇಲೆ ತಿಳಿಯಿತು.

ಕೆಲಸ ಬಿಡುತ್ತೇನೆಂದು ಮರುದಿನ ವಾಲ್ಟರಿಗೆ ಹೇಳಿದೆ. ಅವರು ಏಣಿ ತಂದು, ಮೇಜಿನ ಮೇಲಿನ ತೊಲೆಗೆ ಎಳೆದ ಬಲವನ್ನು ಮುಳ್ಳಿನಲ್ಲಿ ತೋರಿಸುವ ಕೊಕ್ಕೆಯ ತಕ್ಕಡಿಯೊಂದನ್ನು ನೇತುಹಾಕುತ್ತಿದ್ದರು.

“ಇನ್ನು ಮೇಲೆ ಯಾರೇ ಬರಲಿ, ಇದರಲ್ಲಿ ಬಿಲ್ಲು ಎಳೆದು ತೋರಿಸಲಿ. ಬರೆದದ್ದನ್ನ ನಂಬಬೇಡ. ಬಲ ಸಾಲದಿದ್ದರೆ ಇಲ್ಲ ಅನ್ನು. ಗೌರ್ನರೇ ಬಂದರೂ ಇಲ್ಲ ಅನ್ನು,” ಎಂದರು. “ಬಿಟ್ಟುಹೋದರೆ ಆ ಜಿಂಕೆಗೆ ಏನು ಬಂತು?”

ನಾನು ಬಿಡಲಿಲ್ಲ.

ವರ್ಷಗಳು ಹೋದಂತೆ ಕೆಲಸದ ರೀತಿ ಬದಲಾಯಿತು. ಮರದ ಕಡ್ಡಿ ಕೇಳುವವರು ಕಡಿಮೆಯಾಗಿ ಕಾರ್ಬನ್ ಕಡ್ಡಿ ಬಂತು. ಮುಂತುದಿಗೆ ಹಿತ್ತಾಳೆಯ ಭಾರ ಸೇರಿಸಿ ಬಾಣದ ತೂಕವನ್ನು ಬೇಕಾದಂತೆ ಏರಿಸುವುದು ಬಂತು. ಗಿರಾಕಿಗಳು ಲೆಕ್ಕವನ್ನೆಲ್ಲ ಮಾಡಿಕೊಂಡೇ ಬರತೊಡಗಿದರು. ಹಾಗೆ ಬಂದವರಲ್ಲಿ ಒಬ್ಬ ನಮ್ಮವನೇ, ಮೈಸೂರಿನ ಚೇತನ್. ಶಾಮ್‌ಬರ್ಗ್‌ನಿಂದ ಕ್ಯಾಂಟನ್‌ಗೆ ಬಂದು ವರ್ಷವಾಗಿತ್ತು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಬೆರಗಾದ.

“ಅಂಕಲ್, ನೀವು ಕನ್ನಡದವ್ರಾ? ಇಲ್ಲಿ ಕೆಲ್ಸ ಮಾಡ್ತೀರಾ?”

“ಹೌದಪಾ. ನೀ ಏನ್ ಬೇಟೆ ಆಡ್ತೀಯೇನು?”

“ಆಫೀಸಲ್ಲಿ ಫ್ರೆಂಡ್ಸ್ ಕರ್ಕೊಂಡ್ ಹೋದ್ರು. ಬಿಲ್ಲು ಪ್ರಾಕ್ಟೀಸ್ ಮಾಡಿ ಎರಡು ವರ್ಷ ಆಯ್ತು. ಲೈಸೆನ್ಸ್ ತಗೊಂಡಿದೀನಿ. ಬಾಣದ್ದು ಫುಲ್ ಕ್ಯಾಲ್ಕುಲೇಟ್ ಮಾಡಿದೀನಿ, ನೋಡಿ ಅಂಕಲ್. ಮನೇಲಿ ಮಾತ್ರ ಹೇಳ್ಬೇಡಿ.”

ಅವನ ಲೆಕ್ಕ ತಪ್ಪಿರಲಿಲ್ಲ. ಆದರೂ ತಕ್ಕಡಿಯಲ್ಲಿ ಎಳೆಸಿದೆ. ನಲವತ್ತೆಂಟು ಪೌಂಡು ಬಂತು. ಹಿಂದಿನ ಅಂಗಳದಲ್ಲಿ ಗರಿಯಿಲ್ಲದ ಕಡ್ಡಿ ಹೊಡೆಸಿ ನೋಡಿದೆ. ಎರಡು ಅಲಗಿನ ತಲೆ ಕೂರಿಸಿ, ಬಾಣವನ್ನು ಮೊನೆಯ ಮೇಲೆ ಬುಗುರಿಯಂತೆ ತಿರುಗಿಸಿ, ಓಲಾಡುವುದಿಲ್ಲವೆಂದು ಖಚಿತ ಮಾಡಿಕೊಂಡೆ. ಅಷ್ಟು ಸರಿಯಾದ ಬಾಣ ನಾನು ಕಟ್ಟಿದ್ದು ಕಡಿಮೆ.

ಅಕ್ಟೋಬರ್ ಕೊನೆಯಲ್ಲಿ ಅವನು ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಳಗೇ ಕುಳಿತಿದ್ದ. ಇಳಿಯಲಿಲ್ಲ. ನಾನೇ ಹೋಗಿ ಪಕ್ಕದ ಸೀಟಿನಲ್ಲಿ ಕುಳಿತೆ.

“ಬಿತ್ತು ಅಂಕಲ್. ಹತ್ತು ಸೆಕೆಂಡ್ ಕೂಡ ಆಗ್ಲಿಲ್ಲ. ಕಣ್ಮುಂದೇನೇ ಬಿತ್ತು.” ಅವನ ಎರಡೂ ಕೈ ಸ್ಟೀರಿಂಗ್ ಮೇಲೇ ಇದ್ದವು. “ಬಾಣ ಆಚೆ ಹೋಗಿದ್ದೇ ಅದಕ್ಕೆ ಗೊತ್ತಾಗ್ಲಿಲ್ಲ ಅನ್ಸತ್ತೆ. ತಲೆ ಎತ್ತಿ ಸುತ್ತ ನೋಡ್ತು, ಮತ್ತೆ ಒಂದು ಬಾಯಿ ಹುಲ್ಲು ತಿಂತು. ಆಮೇಲೆ ಕಾಲು ಮಡಚ್ಕೊಂಡ್ತು. ಎಲ್ಲಾರೂ ಬೆನ್ನು ತಟ್ಟಿದ್ರು. ನಂಗೆ ಯಾಕೋ…”

ಅವನಿಗೆ ಅಳು ಬಂತು. ಅಳಲಿ ಎಂದು ಬಿಟ್ಟೆ. ಅಲಗು ಮಾಡಬೇಕಾದದ್ದನ್ನೇ ಮಾಡಿತ್ತು. ಅದರಲ್ಲಿ ನನ್ನ ಪಾಲೂ ಇತ್ತು. ಆ ದಿನ ಮನೆಗೆ ಹೋಗಿ ಊಟ ಮಾಡಲಾಗಲಿಲ್ಲ. ಶಾಂತಾ ತಾಟು ತೆಗೆದಿಟ್ಟು, “ಇವತ್ತ ಏನ್ ಕೇಳಿ ಬಂದ್ರಿ?” ಎಂದಳು. ಅಷ್ಟು ಹೊತ್ತಿಗೆ ಅವಳು ಈ ಕೆಲಸವನ್ನು ನನ್ನಷ್ಟೇ ಬಲ್ಲವಳಾಗಿದ್ದಳು. ಹೊಸಬರಿಗೆ ಹೇಳುತ್ತೇನೆ, ಬಾಣ ಸರಿಯಿದ್ದರೂ ಮನಸ್ಸಿಗೆ ಭಾರವಾಗುತ್ತದೆ. ಹಾಗಾಗದೆ ಹೋದ ದಿನ ಮೇಜು ಬಿಟ್ಟುಬಿಡಿ.

ಇಷ್ಟರಲ್ಲಿ ವಾಲ್ಟರಿಗೆ ಎಪ್ಪತ್ತಾರು ದಾಟಿತ್ತು. ಕೈ ನಡುಗುವ ಕಾಯಿಲೆ ಶುರುವಾಗಿತ್ತು. ಮೊದಲು ಗರಿ ಅಂಟಿಸುವುದನ್ನು ನನಗೆ ಬಿಟ್ಟರು, ಆಮೇಲೆ ಅಲಗು ಮಸೆಯುವುದನ್ನು. ಅವರ ಮಗಳು ಕ್ಯಾರನ್ ಅಂಗಡಿ ನೋಡಿಕೊಳ್ಳಲು ಬಂದಳು. ಕಾಯಿಲೆಯ ಹೆಸರನ್ನು ಅಂಗಡಿಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಆ ಸೆಪ್ಟೆಂಬರಿನ ಒಂದು ಶನಿವಾರ ಮೇಜಿನ ಸುತ್ತ ಆರೇಳು ಗಿರಾಕಿಗಳಿದ್ದರು. ವಾಲ್ಟರ್ ಒಂದು ಹಗುರ ಬಿಲ್ಲು ಹಿಡಿದುಕೊಂಡು, ಒಳಗಿನಿಂದ ಬಳಸಿ ಬಂದು, ಗಿರಾಕಿಗಳು ನಿಲ್ಲುವ ಕಡೆ ನಿಂತರು.

“ರಾಜ್, ನನಗೆ ಆರು ಬಾಣ ಬೇಕು.”

ಮೊದಲು ತಮಾಷೆ ಎಂದುಕೊಂಡೆ. ಅವರು ನಗುತ್ತಿರಲಿಲ್ಲ. ತಾವೇ ಹೋಗಿ ಬಿಲ್ಲಿನ ಹೆದೆಯನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎಳೆದರು. ಮುಳ್ಳು ಇಪ್ಪತ್ತೊಂಬತ್ತರವರೆಗೆ ಹೋಗಿ ತಟತಟನೆ ಅಲುಗಾಡಿತು. ಇನ್ನೊಮ್ಮೆ ಎಳೆದರು, ಇಪ್ಪತ್ತೇಳು. ಗಿರಾಕಿಗಳ ಮಾತು ನಿಂತಿತ್ತು. ಒಳಗೆ ಬನ್ನಿ, ಕಾಫಿ ಕುಡಿಯೋಣ ಎಂದು ನಾನು ಹೇಳಬಹುದಿತ್ತು. ಐದು ನಿಮಿಷದ ಮಾತು.

“ವಾಲ್ಟರ್, ಈ ಬಿಲ್ಲಿಗೆ ನಾನು ಅಲಗು ಕಟ್ಟಿಕೊಡಲಾರೆ,” ಎಂದೆ.

“ಹತ್ತು ಗಜ. ಹತ್ತು ಗಜದೊಳಗೆ ಬಂದರಷ್ಟೇ ಹೊಡೀತೀನಿ.”

“ಹತ್ತು ಗಜಕ್ಕೂ ಆಗಲ್ಲ.”

“ಇದು ನನ್ನ ಅಂಗಡಿ, ರಾಜ್.”

“ಹೌದು.”

“ಆ ತಕ್ಕಡಿ ಹಾಕಿದವನು ನಾನು.”

“ಹಾಗಾದರೆ ಅದು ಹೇಳೋದನ್ನ ಕೇಳಿ.”

ಯಾರೋ ಒಬ್ಬ ನಕ್ಕ. ವಾಲ್ಟರ್ ಹೆದೆಯನ್ನು ಕೊಕ್ಕೆಯಿಂದ ಬಿಡಿಸಲು ಹೋದರು. ಬೆರಳು ನಡುಗಿ ಬಿಡಿಸಲಾಗಲಿಲ್ಲ. ನಾನು ಕೈ ಚಾಚಿದೆ, ಬೇಡ ಎಂದು ತಲೆಯಾಡಿಸಿದರು. ಬಿಡಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಾವೆಲ್ಲ ನೋಡುತ್ತ ನಿಂತಿದ್ದೆವು. ಬಿಲ್ಲು ಕಂಕುಳಲ್ಲಿಟ್ಟು ಗಿರಾಕಿಗಳ ನಡುವೆ ಹಾದು ಮುಂಬಾಗಿಲಿನಿಂದ ಹೊರಟುಹೋದರು.

ಸೋಮವಾರ ಅವರು ಬರಲಿಲ್ಲ, ಆ ವಾರವಿಡೀ ಬರಲಿಲ್ಲ. ಮನೆಗೆ ಹೋದರೆ ಮಲಗಿದ್ದಾರೆಂದು ಕ್ಯಾರನ್ ಬಾಗಿಲಲ್ಲೇ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅಕ್ಟೋಬರಿನಲ್ಲಿ ಒಂದು ಬೆಳಗ್ಗೆ ಹತ್ತು ಗಂಟೆಗೆ ಅವಳೇ ಫೋನ್ ಮಾಡಿದಳು. ಅಪ್ಪ ಇಲ್ಲ, ಬಿಲ್ಲಿಲ್ಲ, ಟ್ರಕ್ಕೂ ಇಲ್ಲ. ಅವರು ಗಾಡಿ ಓಡಿಸಬಾರದೆಂದು ಡಾಕ್ಟರ್ ಹೇಳಿ ವರ್ಷವಾಗಿತ್ತು. ಎಲ್ಲಿಗೆ ಹೋಗಿರಬಹುದೆಂದು ನನಗೆ ಹೊಳೆಯಿತು. ಎಂ-14 ಹೆದ್ದಾರಿ ಹಿಡಿದು, ಆನ್ ಆರ್ಬರ್ ಊರು ದಾಟಿ, ಅವರು ಬೇಟೆಯಾಡುತ್ತಿದ್ದ ತಮ್ಮನ ಜಮೀನಿಗೆ ಹೋದೆ. ಟ್ರಕ್ಕು ಗೇಟಿನ ಬಳಿಯೇ ಇತ್ತು.

ಓಕ್ ಮರಕ್ಕೆ ಒರಗಿ ನೆಲದ ಮೇಲೆ ಕುಳಿತಿದ್ದರು. ಬಿಲ್ಲು ತೊಡೆಯ ಮೇಲಿತ್ತು. ತುಟಿ ನೀಲಿಗಟ್ಟಿತ್ತು. ನಾನು ಕೋಟು ತೆಗೆದು ಹೊದಿಸುವಾಗ ಬತ್ತಳಿಕೆ ನೋಡಿದೆ. ಅದರಲ್ಲಿ ಒಂದೂ ಬಾಣ ಇರಲಿಲ್ಲ.

“ಬಾಣ ಎಲ್ಲಿ, ವಾಲ್ಟರ್?”

“ನೀನು ಕೊಡಲಿಲ್ಲವಲ್ಲ.”

ಅವರ ಮನೆಯ ನೆಲಮಾಳಿಗೆಯಲ್ಲಿ ಹಳೆಯ ಬಾಣಗಳು ಎರಡು ಡಜನ್ ಇದ್ದವು. ಎಲ್ಲವನ್ನೂ ನಾನು ನೋಡಿದ್ದೆ. ಒಂದನ್ನೂ ಅವರು ತಂದಿರಲಿಲ್ಲ.

“ಒಂದು ಹೆಣ್ಣು ಜಿಂಕೆ ಬಂದಿತ್ತು,” ಎಂದರು. “ಅಗೋ ಆ ಬಿದ್ದ ಮರದ ಹತ್ತಿರ. ಎಂಟು ಗಜ. ಬರೀ ಹೆದೆ ಎಳೆದು ನೋಡಿದೆ. ಕೆನ್ನೆಯವರೆಗೆ ಬರಲಿಲ್ಲ. ಅದು ನೋಡುತ್ತಾ ನಿಂತಿತ್ತು, ಆಮೇಲೆ ನಿಧಾನವಾಗಿ ಹೋಯಿತು.” ಕೋಟನ್ನು ಮೈಗೆ ಎಳೆದುಕೊಂಡರು. “ನೀನು ಹೇಳಿದ್ದು ಸರಿ. ಆದರೆ ಅಷ್ಟು ಜನರ ಮುಂದೆ ಹೇಳಬಾರದಿತ್ತು, ರಾಜ್.”

“ಹೌದು,” ಎಂದೆ.

ಅವರಿಗೆ ಏಳಲಾಗಲಿಲ್ಲ, ಕಾಲು ಜೋಮು ಹಿಡಿದಿತ್ತು. ಕಂಕುಳಲ್ಲಿ ಕೈಕೊಟ್ಟು ಎಬ್ಬಿಸಿದಾಗ ಅಷ್ಟು ಎತ್ತರದ ಮನುಷ್ಯ ಎಷ್ಟು ಹಗುರಾಗಿದ್ದರೆಂದು ತಿಳಿಯಿತು. ಕಾರಿನಲ್ಲಿ ಹೀಟರ್ ಹಾಕಿ ಕೂರಿಸಿದೆ. ದಾರಿಯುದ್ದಕ್ಕೂ ಕ್ಷಮೆಯ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಆಡಬೇಕೆಂದು ತಿರುಗಿದಾಗ ಅವರಿಗೆ ನಿದ್ದೆ ಹತ್ತಿತ್ತು.

ಆ ಚಳಿಗಾಲ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯಿಂದ ಆರೈಕೆ ಕೇಂದ್ರಕ್ಕೆ ಹೋದರು. ನೆನಪು ಕದಲತೊಡಗಿತು. ಭಾನುವಾರಗಳಲ್ಲಿ ನಾನು ಮತ್ತು ಶಾಂತಾ ಹೋಗುತ್ತಿದ್ದೆವು. ಕೆಲವು ದಿನ ಗುರುತು ಹಿಡಿಯುತ್ತಿದ್ದರು, ಕೆಲವು ದಿನ ಇಲ್ಲ. ಒಂದು ಸಲ ನನ್ನನ್ನು ಗಿರಾಕಿ ಎಂದುಕೊಂಡು, “ನಿನ್ನ ಬಿಲ್ಲು ಎಷ್ಟು ಪೌಂಡಿನದು?” ಎಂದು ಕೇಳಿದರು. ನನಗೆ ಬಿಲ್ಲೇ ಇಲ್ಲ. ಬಾಯಿಗೆ ಬಂದಂತೆ ನಲವತ್ತೈದು ಎಂದೆ.

“ಬರೆದದ್ದು ಬೇಡ. ಎಳೆದು ನೋಡಿದೆಯಾ?”

“ನೋಡಿಲ್ಲ.”

“ಒಳಗೆ ರಾಜ್ ಇದ್ದಾನೆ. ಅವನಿಗೆ ತೋರಿಸು. ಅವನು ಸುಳ್ಳು ಹೇಳಲ್ಲ.”

ಶಾಂತಾ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ನಾನು ಅವರ ಕೈ ಹಿಡಿದು, ಆ ಶನಿವಾರ ನಾನು ತಪ್ಪು ಮಾಡಿದೆ, ನಿಮ್ಮನ್ನು ಒಳಗೆ ಕರೆದು ಹೇಳಬೇಕಿತ್ತು ಎಂದು ಎಲ್ಲವನ್ನೂ ಹೇಳಿದೆ. ಅಪರಿಚಿತನೊಬ್ಬನ ಕಷ್ಟ ಕೇಳುವವರ ಹಾಗೆ ತಲೆದೂಗಿದರು. ಆಮೇಲೆ ನನ್ನ ಬೆನ್ನು ಸವರಿ, “ಆ ಮನುಷ್ಯನಿಗೆ ಹೋಗಿ ಹೇಳು. ಅವನು ಬೇಜಾರು ಮಾಡಿಕೊಳ್ಳಲ್ಲ,” ಎಂದರು.

ಮುಂದಿನ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಕ್ಯಾರನ್ ಕೇಳಿಕೊಂಡದ್ದರಿಂದ ನಾನು ಇನ್ನೂ ಒಂದೂವರೆ ವರ್ಷ ಆ ಮೇಜಿನಲ್ಲಿದ್ದೆ. ಆ ಅವಧಿಯಲ್ಲಿ ಮೂವರಿಗೆ ‘ಇಲ್ಲ’ ಎನ್ನಬೇಕಾಯಿತು. ಭುಜದ ಆಪರೇಷನ್ ಆದವನೊಬ್ಬ, ಕೀಮೋ ಮುಗಿಸಿ ಬಂದ ಹೆಂಗಸೊಬ್ಬಳು, ಎಂಬತ್ತರ ಮುದುಕನೊಬ್ಬ. ಮೂವರೂ ತಕ್ಕಡಿಯ ಮುಳ್ಳನ್ನು ನೋಡಿ ನನ್ನ ಮುಖ ನೋಡಿದರು. ಪ್ರತಿ ಸಲವೂ ನಾನು ಮೇಜಿನ ಕೆಲಸ ಅಲ್ಲಿಗೇ ಬಿಟ್ಟು, ಅವರನ್ನು ಹಿಂದಿನ ಕೋಣೆಗೆ ಕರೆದೊಯ್ದು, ಬಾಗಿಲು ಮುಚ್ಚಿ, ಕುರ್ಚಿ ಎಳೆದು ಕೂರಿಸಿದೆ. ನಾನೂ ಎದುರಿಗೆ ಕುಳಿತೆ. ಆಮೇಲೆ ಹೇಳಿದೆ. ಮುದುಕ ಬಹಳ ಹೊತ್ತು ಅತ್ತ. ಹೊರಗೆ ಜನ ಕಾಯುತ್ತಿದ್ದರು, ಕಾಯಲಿ ಎಂದು ಬಿಟ್ಟೆ.

ವಾಲ್ಟರ್ ಒಬ್ಬರಿಗೇ ನಾನು ಆ ‘ಇಲ್ಲ’ವನ್ನು ಎಲ್ಲರ ಮುಂದೆ ನಿಲ್ಲಿಸಿಕೊಂಡು ಹೇಳಿದ್ದು.